ಬೂದುಗುಂಬಳ: ನಮ್ಮ ಹಿತ್ತಲಿಗೆ ಯಾವ ತಳಿ?

ಸಂಘದ ಕಛೇರಿಗೆ ಸಾಲದ ಕಂತು ಕಟ್ಟಲು, ಗೊಬ್ಬರದ ಚೀಟಿ ಬರೆಸಲು ಬರುವ ಸದಸ್ಯ ಬಾಂಧವರು ಕೆಲಸ ಮುಗಿದ ಮೇಲೆ ಹಿತ್ತಲಿನ ವಿಚಾರಕ್ಕೆ ಇಳಿಯುವುದುಂಟು. ಕಳೆದ ಮಳೆಗಾಲದಲ್ಲಿ ಹೆಚ್ಚಾಗಿ ಕೇಳಿಬಂದ ಪ್ರಶ್ನೆ ಇದು: ‘ಬೂದುಗುಂಬಳದಲ್ಲಿ ಯಾವ ತಳಿ ಒಳ್ಳೆಯದು?’ ಕೇಳಿದವರ ಮನಸ್ಸಿನಲ್ಲಿ ಇದ್ದುದು ‘ಯಾವುದರ ಕಾಯಿ ಅತಿ ದೊಡ್ಡದು?’ ಎಂಬುದೇ. ಹತ್ತು ವರ್ಷದ ಹಿಂದೆ ನಾವೂ ಹಾಗೆಯೇ ಕೇಳಿದ್ದೆವು. ಅದರಿಂದ ಆದ ನಷ್ಟವನ್ನೂ, ಅನಂತರ ಕಲಿತದ್ದನ್ನೂ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಬೂದುಗುಂಬಳ ನಮಗೆ ಏಕೆ ಬೇಕು?

ಮಲೆನಾಡಿನಲ್ಲಿ ಜೂನ್ ತಿಂಗಳಿಂದ ಆಗಸ್ಟ್ ಮುಗಿಯುವವರೆಗೆ ಹಿತ್ತಲಿನಲ್ಲಿ ತರಕಾರಿ ಕಡಮೆ. ಕೆಸು, ಕಳಲೆ, ಹಲಸಿನ ಬೀಜ ಇವುಗಳಿಂದ ದಿನ ದೂಡಬೇಕು. ಪೇಟೆಗೆ ಹೋಗಿ ಬರುವುದೂ ಸುಲಭವಲ್ಲ. ಅಂಥ ದಿನಗಳಲ್ಲಿ ಅಟ್ಟದ ಮೇಲೆ ನಾಲ್ಕು ಬೂದುಗುಂಬಳ ಇದ್ದರೆ ಮನೆಯವರಿಗೆ ಧೈರ್ಯ. ಮಜ್ಜಿಗೆಹುಳಿಗೆ ಅದು, ಸಾಂಬಾರಿಗೆ ಅದು, ನೆಂಟರು ಬಂದರೆ ಕಾಶಿ ಹಲ್ವಕ್ಕೂ ಅದೇ. ತಿರುಳಿನಿಂದ ತಂಬುಳಿ, ಸಿಪ್ಪೆಯಿಂದ ಚಟ್ನಿ. ಬಿಸಿಲಿದ್ದಾಗ ಸಂಡಿಗೆ ಮಾಡಿಟ್ಟರೆ ಅದು ಬೇರೆ ಲಾಭ.

ಕಾಯಿಯಲ್ಲಿ ನೂರಕ್ಕೆ 96 ಪಾಲು ನೀರೇ ಇದ್ದರೂ ಅದು ತಿಂಗಳುಗಟ್ಟಲೆ ಕೆಡದೆ ಇರುವುದಕ್ಕೆ ಗಟ್ಟಿ ಸಿಪ್ಪೆಯೂ ಅದರ ಮೇಲಿನ ಬೂದಿಯೂ ಕಾರಣ. ಈ ಬೂದಿ ಧೂಳಲ್ಲ, ಒಂದು ಬಗೆಯ ಮೇಣ. ಒಳಗಿನ ನೀರು ಆರದಂತೆ, ಹೊರಗಿನ ತೇವ ಸಿಪ್ಪೆಗೆ ಹಿಡಿಯದಂತೆ ಅದು ಕಾಯುತ್ತದೆ. ಎಳೆಯ ಕಾಯಿಯ ಮೇಲೆ ರೋಮವಿರುತ್ತದೆ. ಬಲಿಯುತ್ತ ಬಂದಂತೆ ರೋಮ ಉದುರಿ ಬೂದಿ ಕೂರುತ್ತದೆ. ಕೆಲವು ತಳಿಗಳಲ್ಲಿ ಈ ಬೂದಿ ದಪ್ಪ, ಕೆಲವುಗಳಲ್ಲಿ ತೆಳು. ತಳಿ ಆರಿಸುವಾಗ ಮೊದಲು ನೋಡತಕ್ಕದ್ದು ಇದನ್ನೇ.

ನಮ್ಮ ತಪ್ಪು

ನಮ್ಮ ಮನೆಯಲ್ಲಿ ತಾಯಿಯವರ ಕಾಲದಿಂದ ಒಂದು ಊರತಳಿ ಇತ್ತು. ದುಂಡನೆಯ ಕಾಯಿ, ಮೂರರಿಂದ ನಾಲ್ಕು ಕಿಲೊ, ಕೈಯಿಟ್ಟರೆ ಬೆರಳಿನ ಗುರುತು ಮೂಡುವಷ್ಟು ದಪ್ಪ ಬೂದಿ. ತಾಯಿಯವರು ಅದರ ಬೀಜವನ್ನು ಸಗಣಿಯಲ್ಲಿ ಕಲಸಿ ಅಡಿಗೆಮನೆಯ ಗೋಡೆಗೆ ಮೆತ್ತುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನಮ್ಮ ಕೈಗೆ ಬಂತು.

ಒಮ್ಮೆ ಪೇಟೆಯಿಂದ ದೊಡ್ಡ ಕಾಯಿಯ ತಳಿಯೊಂದರ ಬೀಜ ತಂದು, ಕಣದ ಅಂಚಿನಲ್ಲಿ ಹಳೆಯ ತಳಿಯ ಪಕ್ಕದಲ್ಲೇ ಹಾಕಿದೆವು. ಬೆಳೆ ಬಂತು. ಮೆಣಸು ತೂಗುವ ತಕ್ಕಡಿಯಲ್ಲಿಟ್ಟು ನೋಡಿದರೆ ಒಂದೊಂದು ಕಾಯಿ ಹತ್ತು ಕಿಲೊ ದಾಟಿತು. ನೆರೆಯವರು ಬಂದು ನೋಡಿ ಹೋದರು. ಎಲ್ಲವನ್ನೂ ಅಟ್ಟಕ್ಕೇರಿಸಿದೆವು. ಆಷಾಢದಲ್ಲಿ ಒಂದು ರಾತ್ರಿ ಅಟ್ಟದ ಹಲಗೆಯ ಸಂದಿನಿಂದ ನೀರು ತೊಟ್ಟಿಕ್ಕಿತು. ಹೆಂಚು ಒಡೆದಿರಬೇಕೆಂದು ಹತ್ತಿ ನೋಡಿದರೆ ದೊಡ್ಡ ಕಾಯಿಗಳು ಬುಡದಲ್ಲಿ ಕೊಳೆತು ಕುಳಿತಿದ್ದವು. ಕೆಳಗಿದ್ದ ಒಂದು ಚೀಲ ಪಾರ್ಚ್‌ಮೆಂಟ್ ಕಾಫಿಯೂ ನೆನೆಯಿತು. ಪಕ್ಕದಲ್ಲಿದ್ದ ಹಳೆಯ ತಳಿಯ ಕಾಯಿಗಳಿಗೆ ಏನೂ ಆಗಿರಲಿಲ್ಲ. ಗೌರಿ ಹಬ್ಬದವರೆಗೂ ಅವನ್ನು ಉಪಯೋಗಿಸಿದೆವು.

ತಪ್ಪು ತಳಿಯದೊಂದೇ ಅಲ್ಲ ಎಂಬುದನ್ನೂ ಹೇಳಬೇಕು. ಪೂರ್ತಿ ಬಲಿಯುವ ಮೊದಲೇ ಕೆಲವನ್ನು ಕೊಯ್ದಿದ್ದೆವು. ಭಾರಕ್ಕೆ ಹೊರಲಾರದೆ ಅಂಗಳದಲ್ಲಿ ಉರುಳಿಸಿದ್ದೆವು, ಮಣ್ಣು ಹತ್ತಿದೆಯೆಂದು ಬಟ್ಟೆಯಿಂದ ಒರಸಿದ್ದೆವು. ಆದರೆ ಭಾರದ ಕಾಯಿಗೆ ಇಂಥ ಪೆಟ್ಟು ಬೀಳುವುದೇ ಹೆಚ್ಚು, ತನ್ನ ತೂಕವೇ ಬುಡವನ್ನು ಒತ್ತುವುದೂ ಹೆಚ್ಚು.

ಕಾಯಿ ಹೋದದ್ದು ದೊಡ್ಡ ಮಾತಲ್ಲ. ಮರುವರ್ಷ ಹಳೆಯ ತಳಿಯ ಬೀಜವೆಂದು ನಾವು ಹಾಕಿದ್ದರಿಂದ ಬಂದ ಕಾಯಿ ಹಳೆಯದೂ ಅಲ್ಲ, ಹೊಸದೂ ಅಲ್ಲ. ಒಂದು ಬಳ್ಳಿಯಲ್ಲಿ ಉದ್ದ, ಇನ್ನೊಂದರಲ್ಲಿ ದುಂಡು, ಬೂದಿ ತೆಳು. ಅಕ್ಕಪಕ್ಕದಲ್ಲಿ ಬೆಳೆದ ಎರಡು ತಳಿಗಳನ್ನು ಜೇನುನೊಣ ಬೆರೆಸಿಬಿಟ್ಟಿತ್ತು. ಎಲ್ಲ ಬೀಜವನ್ನೂ ಹಾಕಿ ಮುಗಿಸಿದ್ದರಿಂದ ತಾಯಿಯವರು ಕಾಪಾಡಿಕೊಂಡು ಬಂದದ್ದು ನಮ್ಮ ಮನೆಯಲ್ಲಿ ಒಂದೇ ವರ್ಷದಲ್ಲಿ ಮುಗಿಯಿತು.

ತಳಿಗಳ ಹೋಲಿಕೆ

ಈಗ ದೊರೆಯುವ ತಳಿಗಳನ್ನು ಒಂದೊಂದಾಗಿ ನೋಡೋಣ.

1. ಕೊ-1: ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ತಳಿ. ಕಾಯಿ ದೊಡ್ಡದು, ಬೀಜ ಕಡಮೆ. ಬೆಳೆ ಮುಗಿಯಲು ಸುಮಾರು ಐದು ತಿಂಗಳು ಬೇಕು. ಮದುವೆ ಉಪನಯನಗಳಿಗೆ ಬೆಳೆಯುವವರಿಗೆ ಸರಿ.

2. ಕೊ-2: ಅದೇ ವಿಶ್ವವಿದ್ಯಾನಿಲಯದ್ದು. ಕಾಯಿ ಚಿಕ್ಕದು, ಸುಮಾರು 3 ಕಿಲೊ. ಸುಮಾರು 120 ದಿನಗಳಲ್ಲಿ ಬರುತ್ತದೆ. ತಿರುಳು ದಪ್ಪ, ಬೀಜ ಕಡಮೆ. ಸಣ್ಣ ಸಂಸಾರಕ್ಕೆ ಹೊಂದುತ್ತದೆ. ಚಪ್ಪರಕ್ಕೆ, ಕೊಟ್ಟಿಗೆಯ ಮಾಡಿಗೆ ಹಬ್ಬಿಸಲೂ ಅನುಕೂಲ.

3. ಕೆ.ಎ.ಯು. ಲೋಕಲ್ ಮತ್ತು ಇಂದು: ಎರಡೂ ಕೇರಳ ಕೃಷಿ ವಿಶ್ವವಿದ್ಯಾನಿಲಯದವು. ಮೊದಲನೆಯದು ಹೆಸರೇ ಹೇಳುವಂತೆ ಊರತಳಿಯಿಂದ ಆರಿಸಿದ್ದು. ‘ಇಂದು’ ತಳಿಯ ಕಾಯಿ ದುಂಡು, ಮಧ್ಯಮ ಗಾತ್ರ, ಎಲೆಯ ಮೊಸಾಯಿಕ್ ರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಕೇರಳದ ಮಳೆ ನಮ್ಮ ಮಳೆಗೆ ಹತ್ತಿರವಾದ್ದರಿಂದ ಇವನ್ನು ಪರೀಕ್ಷಿಸಿ ನೋಡಬಹುದು.

4. ಕಾಶಿ ಧವಳ್: ವಾರಾಣಸಿಯ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆಯ ತಳಿ. ಉದ್ದನೆಯ ಕಾಯಿ, 10ರಿಂದ 12 ಕಿಲೊ, ಅವಧಿ ಸುಮಾರು 120 ದಿನ. ಉತ್ತರದಲ್ಲಿ ಪೇಠಾ ಎಂಬ ಸಿಹಿತಿಂಡಿ ಮಾಡುವವರಿಗೆ ದಪ್ಪ ಬಿಳಿಯ ತಿರುಳು ಬೇಕು, ಬೀಜದ ಭಾಗ ಸುಲಭವಾಗಿ ಬಿಡಬೇಕು. ಈ ತಳಿ ಅವರ ಅನುಕೂಲಕ್ಕೆ ಹೇಳಿಮಾಡಿಸಿದ್ದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಉಜ್ವಲ್ ಕೂಡ ದೊಡ್ಡ ಕಾಯಿಯ ತಳಿಯೇ.

5. ವೈದ್ಯಕುಂಬಳ: ಕೇರಳದಲ್ಲಿ ಆಯುರ್ವೇದದ ಔಷಧಕ್ಕೆಂದು ಬೆಳೆಯುವ ಸಣ್ಣ ಕಾಯಿಯ ಊರತಳಿ. ಅಡಿಗೆಗಿಂತ ಕೂಷ್ಮಾಂಡ ಲೇಹ್ಯದಂಥ ಔಷಧಗಳಿಗೆ ಇದರ ಉಪಯೋಗ.

6. ನಮ್ಮ ಊರತಳಿಗಳು: ಇವುಗಳಿಗೆ ಹೆಸರಿಲ್ಲ, ಚೀಟಿಯಿಲ್ಲ. ದುಂಡು, ಉದ್ದ, ಗಿಡ್ಡ ಎಂದು ಮನೆಮನೆಗೆ ಬೇರೆ. ಆದರೆ ನಮ್ಮ ಮಳೆಯನ್ನೂ ನಮ್ಮ ಅಟ್ಟವನ್ನೂ ತಲೆತಲಾಂತರ ಕಂಡು, ತಡೆದುಕೊಂಡು ಉಳಿದವು ಇವೇ.

ಸಂಕರ ತಳಿಯ ಬೀಜವೂ ಪೇಟೆಯಲ್ಲಿ ಸಿಗುತ್ತದೆ. ಪೊಟ್ಟಣದ ಮೇಲೆ ‘ಸಂಕರ’ ಅಥವಾ ‘ಹೈಬ್ರಿಡ್’ ಎಂದಿದ್ದರೆ ಅದರ ಬೀಜ ತೆಗೆದಿಟ್ಟು ಪ್ರಯೋಜನವಿಲ್ಲ. ಮರುವರ್ಷ ಅದೇ ಗುಣ ಬರುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು?

ಕಿಲೊ ಲೆಕ್ಕವನ್ನು ಬದಿಗಿಟ್ಟು ಮೂರು ಪ್ರಶ್ನೆ ಕೇಳಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಮನೆಯಲ್ಲಿ ಉಣ್ಣುವವರೆಷ್ಟು? ಕಾಯಿ ಎಷ್ಟು ತಿಂಗಳು ಉಳಿಯಬೇಕು? ಮುಂದಿನ ವರ್ಷಕ್ಕೆ ಬೀಜ ನಮ್ಮದೇ ಆಗಬೇಕೆ?

ನಮ್ಮ ಚಿಕ್ಕಂದಿನಲ್ಲಿ ಪಂಕ್ತಿಗೆ ಹದಿನೈದು ಎಲೆ ಹಾಕುತ್ತಿದ್ದ ಮನೆಗಳಲ್ಲಿ ಇಂದು ಗಂಡಹೆಂಡಿರಿಬ್ಬರೇ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ. ಹತ್ತು ಕಿಲೊ ಕಾಯಿ ಕೊಯ್ದರೆ ಅರ್ಧ ನೆರೆಮನೆಗೆ, ಉಳಿದದ್ದರಲ್ಲಿ ಅರ್ಧ ದನಕ್ಕೆ. ಕೊಯ್ದ ಕಾಯಿ ಮತ್ತೆ ಅಟ್ಟಕ್ಕೇರುವುದಿಲ್ಲ. ಆದ್ದರಿಂದ ಸಣ್ಣ ಸಂಸಾರಕ್ಕೆ ಮೂರು ನಾಲ್ಕು ಕಿಲೊ ಮೀರದ, ದಪ್ಪ ಬೂದಿಯ ಊರತಳಿಯೇ ಮೊದಲನೆಯದು. ಅದು ಸಿಗದಿದ್ದರೆ ಕೊ-2. ಸಮಾರಂಭ ಗೊತ್ತಾಗಿರುವ ವರ್ಷ, ಅಥವಾ ಮಾರಾಟದ ಏರ್ಪಾಡು ಇದ್ದರೆ ಮಾತ್ರ ದೊಡ್ಡ ತಳಿ. ಅದನ್ನೂ ಕೊಯ್ದ ಒಂದೆರಡು ತಿಂಗಳಲ್ಲಿ ಮುಗಿಸುವುದು ಕ್ಷೇಮ.

ಬೇಸಾಯ

ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಹಿಂಜರಿದ ಮೇಲೆ ಬೀಜ ಹಾಕಿದರೆ ಕಾಫಿ ಕೊಯ್ಲಿನ ಗಡಿಬಿಡಿ ಕಳೆಯುವಷ್ಟರಲ್ಲಿ ಕಾಯಿ ಕೈಗೆ ಬರುತ್ತದೆ, ಬೇಸಿಗೆಯಲ್ಲಿ ಒಣಗಿ ಮಳೆಗಾಲಕ್ಕೆ ಸಿದ್ಧವಾಗುತ್ತದೆ. ಆಯುಧಪೂಜೆಗೆ ಕಾಯಿ ಬೇಕೆನ್ನುವವರು ಮೇ ತಿಂಗಳಲ್ಲಿ ಎತ್ತರದ ದಿಬ್ಬದ ಮೇಲೆ ಹಾಕುತ್ತಾರೆ. ಆದರೆ ಜಡಿಮಳೆಯಲ್ಲಿ ಜೇನು ಹಾರದೆ ಹೂ ಕಟ್ಟದಿರುವ ಭಯವಿದೆ.

ಎರಡಡಿ ಅಗಲ, ಒಂದೂವರೆ ಅಡಿ ಆಳದ ಗುಳಿ ತೆಗೆದು ಕೊಟ್ಟಿಗೆ ಗೊಬ್ಬರ, ಸುಡುಮಣ್ಣು, ಮೇಲ್ಮಣ್ಣು ತುಂಬಬೇಕು. ಗುಳಿಗೆ ನಾಲ್ಕೈದು ಬೀಜ ಹಾಕಿ, ಚೆನ್ನಾಗಿ ಎದ್ದ ಎರಡು ಮೂರು ಸಸಿ ಮಾತ್ರ ಉಳಿಸಬೇಕು. ಪೂರ್ಣ ಬಿಸಿಲು ಬೇಕು. ತೋಟದ ನೆರಳಿನಲ್ಲಿ ಬಳ್ಳಿ ಹಬ್ಬುತ್ತದೆಯೇ ಹೊರತು ಕಾಯಿ ಹಿಡಿಯುವುದಿಲ್ಲ, ಕಾಫಿ ಗಿಡದ ಮೇಲೇರಿ ಅದನ್ನೂ ಕೆಡಿಸುತ್ತದೆ. ಕಣದ ಅಂಚು, ಗೊಬ್ಬರಗುಂಡಿಯ ಬದಿ, ಕೊಯ್ಲಾದ ಗದ್ದೆ ಒಳ್ಳೆಯ ಸ್ಥಳಗಳು. ನೆಲದ ಮೇಲಿನ ಕಾಯಿಯ ಅಡಿಗೆ ಒಣ ಸೋಗೆ ಹಾಸಬೇಕು.

ಮುಖ್ಯ ಶತ್ರು ಹಣ್ಣುನೊಣ. ಅದು ಎಳೆಗಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಕಾಯಿ ಕಚ್ಚಿದೊಡನೆ ಕಾಗದದ ಚೀಲ ಕಟ್ಟುವುದು, ಉದುರಿದ ಕಾಯಿಗಳನ್ನು ಆರಿಸಿ ಆಳವಾಗಿ ಹೂಳುವುದು, ಗಂಡುನೊಣ ಹಿಡಿಯುವ ಕ್ಯೂಲ್ಯೂರ್ ಬಲೆ ತೂಗುವುದು, ಇಷ್ಟು ಮಾಡಿದರೆ ಹಿತ್ತಲಿಗೆ ಸಾಕು. ಹೂವಿನ ಕಾಲದಲ್ಲಿ ಕೀಟನಾಶಕ ಹೊಡೆಯಬಾರದು. ಜೇನು ಸತ್ತರೆ ಕಾಯಿಯೂ ಇಲ್ಲ.

ಬೀಜ ಶುದ್ಧವಾಗಿ ಉಳಿಸುವ ವಿಧಾನ

ಸಿಹಿಗುಂಬಳದ ಪಕ್ಕದಲ್ಲಿ ಬೂದುಗುಂಬಳ ಹಾಕಿದರೆ ತಳಿ ಕೆಡುತ್ತದೆ ಎಂದು ಹಲವರ ನಂಬಿಕೆ. ಇದು ಸರಿಯಲ್ಲ. ಅವೆರಡೂ ಬೇರೆ ಜಾತಿ, ಬೆರೆಯುವುದಿಲ್ಲ. ಬೆರೆಯುವುದು ಒಂದು ಬೂದುಗುಂಬಳದ ತಳಿ ಇನ್ನೊಂದು ಬೂದುಗುಂಬಳದ ತಳಿಯೊಡನೆ. ಬೆರೆತದ್ದು ಈ ವರ್ಷದ ಕಾಯಿಯಲ್ಲಿ ಕಾಣಿಸುವುದಿಲ್ಲ, ಒಳಗಿನ ಬೀಜ ಬಿತ್ತಿದಾಗ ಮುಂದಿನ ವರ್ಷ ಕಾಣುತ್ತದೆ. ನಾವು ಮೋಸ ಹೋದದ್ದು ಇಲ್ಲಿಯೇ.

ಬೀಜೋತ್ಪಾದನೆಗೆ ತಳಿಗಳ ನಡುವೆ ಅರ್ಧದಿಂದ ಒಂದು ಕಿಲೋಮೀಟರು ಅಂತರ ಬೇಕೆನ್ನುತ್ತಾರೆ. ಹಿತ್ತಲಿನಲ್ಲಿ ಅದು ಆಗದ ಮಾತು. ಅದಕ್ಕೆ ಬದಲು ಕೈಯಿಂದ ಪರಾಗಸ್ಪರ್ಶ ಮಾಡಬಹುದು:

ಸಂಜೆ ಬಳ್ಳಿಯ ಬಳಿ ಹೋಗಿ, ಮರುದಿನ ಅರಳಲಿರುವ, ತುದಿ ಹಳದಿಯಾದ ಮೊಗ್ಗುಗಳನ್ನು ಗುರುತಿಸಿ. ಬುಡದಲ್ಲಿ ರೋಮ ತುಂಬಿದ ಪುಟ್ಟ ಕಾಯಿ ಇರುವುದು ಹೆಣ್ಣು, ಬರಿಯ ತೊಟ್ಟಿರುವುದು ಗಂಡು. ಒಂದು ಹೆಣ್ಣು ಮೊಗ್ಗಿಗೂ, ಅದೇ ತಳಿಯ ಬೇರೆ ಬಳ್ಳಿಯ ಎರಡು ಗಂಡು ಮೊಗ್ಗಿಗೂ ತುದಿ ಬಿಚ್ಚದಂತೆ ನೂಲು ಕಟ್ಟಿ. ಮರುದಿನ ಬೆಳಗಾಗುತ್ತಿದ್ದಂತೆ, ಜೇನು ಏಳುವ ಮೊದಲೇ, ಗಂಡು ಹೂ ಕಿತ್ತು ದಳ ತೆಗೆದು, ಹೆಣ್ಣು ಹೂವನ್ನು ಬಿಡಿಸಿ ಅದರ ನಡುವಿಗೆ ಮೆಲ್ಲಗೆ ಸವರಿ. ಕೂಡಲೇ ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ದಾರ ಸುತ್ತಿ. ಬೇರೆ ಬೇರೆ ಬಳ್ಳಿಗಳಲ್ಲಿ ಇಂಥ ಎರಡು ಮೂರು ಕಾಯಿ ನಿಂತರೆ ಮನೆಗೂ ನೆಂಟರಿಗೂ ಬೇಕಾದಷ್ಟು ಬೀಜವಾಯಿತು. ಉಳಿದ ಕಾಯಿ ಅಡಿಗೆಗೆ.

ದಾರದ ಕಾಯಿಯನ್ನು ಬಳ್ಳಿ ಒಣಗುವವರೆಗೆ ಬಿಟ್ಟು ಕೊಯ್ಯಬೇಕು. ಮತ್ತೊಂದು ತಿಂಗಳು ಇಟ್ಟು ಬೀಜ ತೆಗೆದು, ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಮುಚ್ಚಿಡಬೇಕು. ಎಲ್ಲವನ್ನೂ ಒಂದೇ ವರ್ಷ ಬಿತ್ತಬಾರದು.

ಅಡಿಗೆಯ ಕಾಯಿಗೂ ಕೊಯ್ಲಿನ ಕ್ರಮ ಇದೆ. ಬೂದಿ ಪೂರ್ತಿ ಕೂತ ಮೇಲೆ, ಗೇಣುದ್ದ ತೊಟ್ಟು ಉಳಿಸಿ ಕತ್ತರಿಸಬೇಕು. ಒರಸಬಾರದು, ಉರುಳಿಸಬಾರದು. ಅಟ್ಟದಲ್ಲಿ ಹುಲ್ಲು ಹಾಸಿ ಒಂದಕ್ಕೊಂದು ತಾಗದಂತೆ ಇಟ್ಟು, ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡುತ್ತಿರಬೇಕು.

ಕೊನೆಯ ಮಾತು

ನಮ್ಮ ಹಳೆಯ ತಳಿ ಹೋಯಿತೆಂದೇ ತಿಳಿದಿದ್ದೆವು. ಮೂರು ವರ್ಷದ ಮೇಲೆ ಘಟ್ಟದ ಕೆಳಗಿರುವ ತಂಗಿಯ ಮನೆಗೆ ಹೋದಾಗ ಅಲ್ಲಿ ಮಾಡಿಗೆ ಹಬ್ಬಿದ ಬಳ್ಳಿಯಲ್ಲಿ ಅದೇ ದುಂಡು ಕಾಯಿ, ಅದೇ ಬೂದಿ ಕಂಡೆವು. ಮದುವೆಯಾದ ವರ್ಷ ಅಮ್ಮ ಸೆರಗಿನಲ್ಲಿ ಕಟ್ಟಿಕೊಟ್ಟ ಬೀಜವೆಂದು ತಂಗಿ ಹೇಳಿದಳು. ಅವರ ಸುತ್ತಮುತ್ತ ಬೇರೆ ಯಾರೂ ಬೂದುಗುಂಬಳ ಹಾಕುತ್ತಿರಲಿಲ್ಲವಾದ್ದರಿಂದ ಅದು ಕೆಡದೆ ಉಳಿದಿತ್ತು. ಒಂದು ಹಿಡಿ ಬೇಡಿ ತಂದೆವು. ಕೊಟ್ಟ ಬೀಜವೇ ಉಳಿದ ಬೀಜ ಎಂಬುದು ಆಗ ನಮಗೆ ಅರ್ಥವಾಯಿತು.

ಆದುದರಿಂದ ಸದಸ್ಯ ಬಾಂಧವರಲ್ಲಿ ಒಂದು ಬಿನ್ನಹ. ತಮ್ಮ ಮನೆಯಲ್ಲಿ ಹಿರಿಯರ ಕಾಲದ ಬೂದುಗುಂಬಳ ಇದ್ದರೆ, ಮುಂದಿನ ಸಭೆಗೆ ಬರುವಾಗ ಹತ್ತು ಬೀಜವನ್ನು ಕಾಗದದಲ್ಲಿ ಕಟ್ಟಿ ತನ್ನಿ. ಕಾಯಿಯ ಆಕಾರ, ತೂಕ, ಬೂದಿ ದಪ್ಪವೋ ತೆಳುವೋ, ಎಷ್ಟು ತಿಂಗಳು ಉಳಿಯುತ್ತದೆ ಎಂಬುದನ್ನು ಮೇಲೆ ಬರೆಯಿರಿ. ಕಛೇರಿಯಲ್ಲಿ ಒಂದು ಪುಸ್ತಕವಿಟ್ಟು ನಮೂದಿಸಿ, ಬೇಕಾದವರಿಗೆ ಹಂಚುತ್ತೇವೆ. ಒಂದು ಮನೆಯಲ್ಲಿ ಕಳೆದದ್ದು ಇನ್ನೊಂದು ಮನೆಯಲ್ಲಿ ಸಿಗುವಂತಿರಲಿ.