ಕಂಬಿಯ ಮೇಲೆ ಸ್ಕೇಟ್‌ಬೋರ್ಡ್: ಗ್ರೈಂಡ್ ಕಲಿಯುವ ಕ್ರಮ

ಸ್ಕೇಟ್‌ಬೋರ್ಡಿನ ಹಲಗೆಗೆ ಗಾಲಿಗಳನ್ನು ಜೋಡಿಸುವ ಲೋಹದ ಭಾಗವನ್ನು ಟ್ರಕ್ ಎಂದೂ, ಟ್ರಕ್ಕಿನಲ್ಲಿ ಎರಡು ಗಾಲಿಗಳ ನಡುವೆ ಅಡ್ಡಲಾಗಿರುವ, ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ ತುಂಡನ್ನು ಹ್ಯಾಂಗರ್ ಎಂದೂ ಕರೆಯುತ್ತಾರೆ. ಈ ಹ್ಯಾಂಗರ್ ಕಂಬಿಯನ್ನು ಉಜ್ಜುತ್ತ ಸಾಗುವುದೇ ಗ್ರೈಂಡ್. ಹಲಗೆಯೇ ಕಂಬಿಗೆ ತಾಗಿ ಜಾರಿದರೆ ಅದು ಸ್ಲೈಡ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬತ್ತಿದ ಈಜುಕೊಳಗಳ ಅಂಚಿನಲ್ಲಿ ನಡೆಯುತ್ತಿದ್ದ ಈ ಉಜ್ಜಾಟವನ್ನು 1980ರ ದಶಕದಲ್ಲಿ ಮೆಟ್ಟಿಲುಗಳ ಕೈಕಂಬಿಗೆ ಏರಿಸಿದವರಲ್ಲಿ ಮಾರ್ಕ್ ಗೊನ್ಸಾಲೆಸ್ ಮತ್ತು ನಾಟಾಸ್ ಕೌಪಸ್ ಮೊದಲಿಗರೆಂದು ಪರಿಗಣಿತರಾಗಿದ್ದಾರೆ.

ಕೈಯಿಂದ ಹಿಡಿಯದೆ ಹಲಗೆಯೊಡನೆ ನೆಗೆಯುವ ಓಲಿ ಎಂಬ ಜಿಗಿತ ಕೈವಶವಾಗದೆ ಕಂಬಿಯ ಹತ್ತಿರ ಸುಳಿಯಬಾರದು. ಚಲಿಸುತ್ತಿರುವಾಗಲೇ, ಕಂಬಿಯ ಎತ್ತರವನ್ನು ಮೀರಿ ನೆಗೆದು, ನಾಲ್ಕು ಗಾಲಿಗಳೂ ಒಟ್ಟಿಗೆ ನೆಲ ಮುಟ್ಟುವಂತೆ ಇಳಿಯಲು ಬಂದ ಮೇಲೆ, ನೆಲದಿಂದ ಸುಮಾರು ಒಂದು ಅಡಿಗಿಂತ ಕಡಿಮೆ ಎತ್ತರದ, ಅಲುಗಾಡದ ಸಮತಟ್ಟು ಕಂಬಿಯನ್ನು ಆರಿಸಿಕೊಳ್ಳಬೇಕು. ದುಂಡು ಕಂಬಿಗಿಂತ ಚೌಕ ಕಂಬಿಯ ಮೇಲೆ ಟ್ರಕ್ ಸ್ಥಿರವಾಗಿ ಕೂರುವುದರಿಂದ ಆರಂಭಕ್ಕೆ ಅದೇ ಲೇಸು. ತುಕ್ಕು ಹಿಡಿದ ಕಂಬಿಯನ್ನು ಉಜ್ಜಿ ನಯಗೊಳಿಸಿ ತೆಳುವಾಗಿ ಮೇಣ ಸವರಬಹುದಾದರೂ, ಅತಿಯಾದ ಮೇಣದಿಂದ ಹಲಗೆ ಮುಂದೋಡಿ ಸವಾರ ಹಿಂದಕ್ಕೆ ಬೀಳುವ ಸಂಭವ ಹೆಚ್ಚು.

ಕಂಬಿ ಹತ್ತುವ ಮುನ್ನ ಇಳಿಯುವುದನ್ನು ಕಲಿಯುವುದು ವಿಚಿತ್ರವೆನಿಸಿದರೂ ಅದೇ ಸರಿಯಾದ ಕ್ರಮ: ಕಂಬಿಯ ಪಕ್ಕದಲ್ಲಿ ಸಾಗಿ ನೆಗೆದು, ಹಲಗೆಯನ್ನು ಬಿಟ್ಟು ಎರಡೂ ಕಾಲುಗಳ ಮೇಲೆ ನಿಲ್ಲುವುದನ್ನು ಕೆಲವು ಬಾರಿ ಅಭ್ಯಾಸ ಮಾಡಿದವರಿಗೆ ಅಪಾಯದ ಕ್ಷಣದಲ್ಲಿ ಕಂಬಿಯ ಮೇಲೆಯೇ ಕುಸಿಯುವ ಭಯ ಕಡಿಮೆಯಾಗುತ್ತದೆ. ಹೆಲ್ಮೆಟ್ ಹಾಗೂ ಮಣಿಕಟ್ಟಿನ ರಕ್ಷಾಕವಚಗಳನ್ನು ಅಲಂಕಾರವೆಂದು ಭಾವಿಸಬಾರದು.

ಮೊದಲು ಕಲಿಯಬೇಕಾದುದು, ಎರಡೂ ಟ್ರಕ್‌ಗಳು ಕಂಬಿಯ ಮೇಲೆ ಕೂರುವ ಫಿಫ್ಟಿ-ಫಿಫ್ಟಿ. ಕಂಬಿ ಎದೆಯ ಮುಂದಿದ್ದರೆ ಫ್ರಂಟ್‌ಸೈಡ್, ಬೆನ್ನ ಹಿಂದಿದ್ದರೆ ಬ್ಯಾಕ್‌ಸೈಡ್ ಎನ್ನಲಾಗುವ ಎರಡು ದಿಕ್ಕುಗಳಲ್ಲಿ ಓಲಿಗೆ ಸಲೀಸಾದುದನ್ನು ಆಯ್ದುಕೊಂಡು, ಕಂಬಿಗೆ ಬಹುತೇಕ ಸಮಾನಾಂತರವಾಗಿ ಮಧ್ಯಮ ವೇಗದಲ್ಲಿ ಬಂದು, ಅದರ ಆರಂಭದ ತುದಿಗೆ ಸ್ವಲ್ಪ ಮುಂಚೆಯೇ ನೆಗೆಯಬೇಕು. ವೇಗ ತೀರ ಕಡಿಮೆಯಾದರೆ ಟ್ರಕ್ ಕಚ್ಚಿಕೊಂಡು ನಿಂತುಬಿಡುತ್ತದೆ, ದೇಹ ಮಾತ್ರ ಮುಂದಕ್ಕೆ ಹೋಗುತ್ತದೆ. ಪಾದಗಳನ್ನು ಟ್ರಕ್ ಬಿಗಿದ ಬೋಲ್ಟುಗಳ ಮೇಲೆಯೇ ಊರಿ, ಮೊಣಕಾಲು ಮಡಚಿ, ಭುಜಗಳು ಹಲಗೆಯ ಉದ್ದಕ್ಕೆ ಹೊಂದಿಕೊಂಡಿದ್ದು, ನೋಟ ಕಾಲಿನ ಬಳಿಯಲ್ಲದೆ ಕಂಬಿಯ ಕೊನೆಯಲ್ಲಿ ನೆಟ್ಟಿರಬೇಕು. ಕಲಿಯುವವರಲ್ಲಿ ಕಾಣುವ ಬಹುಪಾಲು ಸೋಲುಗಳಿಗೆ ಕೌಶಲ್ಯದ ಕೊರತೆಗಿಂತ ಅಂಜಿಕೆಯಿಂದ ಹಿಂದಕ್ಕೆ ವಾಲುವುದೇ ಕಾರಣವಾಗಿದ್ದು, ಭಾರವು ಎರಡು ಕಾಲುಗಳಿಗೂ ಸಮನಾಗಿ ಹಂಚಿಹೋದಾಗ ತೂಗಾಟ ಬಹುಮಟ್ಟಿಗೆ ತಾನಾಗಿಯೇ ನಿಲ್ಲುತ್ತದೆ.

ಕಂಬಿ ಮುಗಿಯುವಾಗ ಹಿಂಗಾಲನ್ನು ಹಗುರವಾಗಿ ಅದುಮಿ ಮುಂಭಾಗವನ್ನು ತುಸು ಎತ್ತದಿದ್ದರೆ ಹಲಗೆಯ ಮೂತಿ ನೆಲಕ್ಕೆ ಬಡಿಯುತ್ತದೆ. ಹಿಂದಿನ ಟ್ರಕ್ಕೊಂದರ ಮೇಲೆಯೇ ಸಾಗುವ ಫೈವ್-ಓ, ಮುಂದಿನದರ ಮೇಲೆ ಸಾಗುವ ನೋಸ್‌ಗ್ರೈಂಡ್ ಇವೆಲ್ಲ ಇದರ ನಂತರದ ಪಾಠಗಳು. ಉಜ್ಜಾಟದಿಂದ ಹ್ಯಾಂಗರ್ ಸವೆಯುತ್ತಲೇ ಹೋಗುವುದರಿಂದ ಆಗಾಗ ಹಲಗೆ ಮಗುಚಿ ನೋಡಬೇಕು. ಸವೆದ ಜಾಗದಲ್ಲಿ ಒಳಗಿನ ಉಕ್ಕಿನ ಆಕ್ಸಲ್ ಇಣುಕತೊಡಗಿದರೆ ಟ್ರಕ್ ಬದಲಿಸಬೇಕು.