ಹರೆಯದ ಚಾಲಕನೂ ಮೋಟಾರು ವಿಮೆಯೂ

ವಿಮೆಯೆಂದೊಡನೆ ನಮ್ಮ ಕಡೆಯ ಜನಕ್ಕೆ ನೆನಪಾಗುವುದು ಜೀವವಿಮೆ. ಯಜಮಾನನು ಕಣ್ಮುಚ್ಚಿದರೆ ಹೆಂಡತಿ ಮಕ್ಕಳ ಕೈಗೆ ಒಂದಿಷ್ಟು ಹಣ ಸೇರಲೆಂದು ಕಂತು ಕಟ್ಟುವುದು ಅದರ ಕ್ರಮ. ಇದೇ ಎಣಿಕೆಯಿಂದ ಮೋಟಾರು ವಿಮೆಯನ್ನು ಕೊಳ್ಳಹೋದವನು ದಾರಿ ತಪ್ಪುತ್ತಾನೆ. ಕಾನೂನು ಕಡ್ಡಾಯ ಮಾಡಿರುವ ಮೋಟಾರು ವಿಮೆಯಿಂದ ಕಾರಿನ ಒಡೆಯನಿಗೆ ಒಂದು ಕಾಸೂ ಬಾರದು. ಅದು ರಸ್ತೆಯಂಚಿನಲ್ಲಿ ನಡೆದು ಹೋಗುತ್ತಿರುವ, ನಮಗೆ ಹೆಸರೂ ತಿಳಿಯದ ಒಬ್ಬನಿಗಾಗಿ ಇರುವಂಥದು. ಒಡೆಯ ಮೊದಲನೆಯವನು, ಕಂಪನಿ ಎರಡನೆಯದು. ಈತನು ಮೂರನೆಯವನಾದ್ದರಿಂದ ಇವನಿಗೆ ‘ತೃತೀಯ ಪಕ್ಷ’ವೆಂದು ಹೆಸರು.

ಬ್ರಿಟನ್ನಿನಲ್ಲಿ ೧೯೩೦ರ ರಸ್ತೆ ಸಂಚಾರ ಕಾಯಿದೆ ಈ ವಿಮೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ೧೯೩೯ರ ಮೋಟಾರು ವಾಹನ ಕಾಯಿದೆಯಲ್ಲಿ ಇದಕ್ಕಾಗಿ ಒಂದು ಅಧ್ಯಾಯವೇ ಇದ್ದರೂ ಅದು ಜಾರಿಗೆ ಬಂದುದು ೧೯೪೬ರಲ್ಲಿ. ಈಗ ನಡೆಯುತ್ತಿರುವುದು ೧೯೮೮ರ ಕಾಯಿದೆ. ಅದಕ್ಕೆ ೨೦೧೯ರಲ್ಲಿ ದೊಡ್ಡ ತಿದ್ದುಪಡಿಯಾಯಿತು.

ಪ್ರಥಮ ವರ್ಷದ ಮಿತ್ರರಲ್ಲಿ ಹಲವರಿಗೆ ಈಗತಾನೆ ಹದಿನೆಂಟು ತುಂಬಿದೆ. ಮನೆಗೆ ಹಳೆಯದೋ ಹೊಸದೋ ಒಂದು ಕಾರು ಬಂದಿರುತ್ತದೆ. ಓದು ಬಲ್ಲವನು ನೀನೇ ಎಂದು ತಂದೆ ವಿಮೆಯ ಕಾಗದಗಳನ್ನು ಮಗನ ಕೈಗೆ ಹಾಕುತ್ತಾರೆ. ನನ್ನಂತೆ ಮನೆಯಲ್ಲಿ ಮೊದಲು ಕಾಲೇಜು ಕಂಡವರಿಗೆ ಈ ಅನುಭವ ಹೊಸದಲ್ಲ. ಆದುದರಿಂದ ಈ ಕಾಗದಗಳಲ್ಲಿ ನೋಡಬೇಕಾದುದೇನೆಂಬುದನ್ನು ಇಲ್ಲಿ ವಿಚಾರಿಸಬಹುದು.

ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಚಾಲಕನು ಹರೆಯದವನಾದರೆ ಕಂತು ಮೇಲೇರುತ್ತದೆ; ಅಲ್ಲಿಯ ತಂದೆತಾಯಿಗಳ ಚಿಂತೆಯೆಲ್ಲ ಅದನ್ನು ಇಳಿಸುವುದು ಹೇಗೆಂಬುದೇ. ನಮ್ಮಲ್ಲಿ ತೃತೀಯ ಪಕ್ಷದ ಕಂತು ಚಾಲಕನ ವಯಸ್ಸನ್ನು ಕೇಳುವುದಿಲ್ಲ, ಎಂಜಿನ್ನಿನ ಗಾತ್ರವನ್ನು ಕೇಳುತ್ತದೆ. ೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ದರದಂತೆ ೧೦೦೦ ಸಿ.ಸಿ. ಮೀರದ ಖಾಸಗಿ ಕಾರಿಗೆ ವರ್ಷಕ್ಕೆ ೨,೦೯೪ ರೂಪಾಯಿ, ೧೫೦೦ ಸಿ.ಸಿ.ಯ ವರೆಗೆ ೩,೪೧೬, ಅದಕ್ಕೂ ಮೇಲಾದರೆ ೭,೮೯೭; ತೆರಿಗೆ ಬೇರೆ. ಯಾವ ಕಂಪನಿಗೆ ಹೋದರೂ ದರ ಒಂದೇ. ಚೌಕಾಸಿಗೆ ಎಡೆಯಿರುವುದು ಎರಡನೆಯ ಭಾಗದಲ್ಲಿ, ಎಂದರೆ ನಮ್ಮ ಕಾರಿಗೇ ಆಗುವ ನಷ್ಟದ ವಿಮೆಯಲ್ಲಿ. ಎರಡೂ ಸೇರಿದ್ದನ್ನು ‘ಪ್ಯಾಕೇಜು ಪಾಲಿಸಿ’ ಎನ್ನುತ್ತಾರೆ.

ಹಾಗಾದರೆ ವಯಸ್ಸಿಗೆ ನಮ್ಮಲ್ಲಿ ಬೆಲೆಯೇ ಇಲ್ಲವೇ? ಇದೆ. ಅದು ಕಂತಿನಲ್ಲಿ ತೋರದೆ ಪರಿಹಾರದ ಹೊತ್ತಿನಲ್ಲಿ ತೋರುತ್ತದೆ. ಕಾರು ಓಡಿಸಲು ಹದಿನೆಂಟು ತುಂಬಿರಬೇಕು, ಲೈಸೆನ್ಸು ಇರಬೇಕು. ಕಲಿಯುವವನ ಲೈಸೆನ್ಸೂ ಲೈಸೆನ್ಸೇ. ಆದರೆ ಪಕ್ಕದಲ್ಲಿ ಪೂರ್ಣ ಲೈಸೆನ್ಸು ಪಡೆದವರೊಬ್ಬರು ಕುಳಿತಿರಬೇಕು, ಕಾರಿಗೆ ‘ಎಲ್’ ಫಲಕವಿರಬೇಕು. ಈ ನಿಯಮ ಮುರಿದಲ್ಲಿ ನಮ್ಮ ಕಾರಿನ ನಷ್ಟಕ್ಕೆ ಕಂಪನಿ ಹಣ ಕೊಡಬೇಕಾಗಿಲ್ಲ. ಪೆಟ್ಟು ತಿಂದ ಮೂರನೆಯವನ ಗತಿ? ೨೦೦೪ರಲ್ಲಿ ಸುಪ್ರೀಂ ಕೋರ್ಟು ಈ ಬಗೆಯ ಅನೇಕ ಮೊಕದ್ದಮೆಗಳನ್ನು ಒಟ್ಟಿಗೆ ವಿಚಾರಿಸಿ ಒಂದು ದಾರಿ ತೋರಿತು: ಕಂಪನಿ ಮೊದಲು ಅವನಿಗೆ ಪರಿಹಾರ ಕೊಡಲಿ, ಒಡೆಯನು ತಿಳಿದೂ ಲೈಸೆನ್ಸಿಲ್ಲದವನಿಗೆ ಕಾರು ಕೊಟ್ಟಿದ್ದರೆ ಆ ಹಣವನ್ನು ಒಡೆಯನಿಂದ ವಸೂಲು ಮಾಡಿಕೊಳ್ಳಲಿ.

ಈ ‘ವಸೂಲು’ ಎಂಬ ಮಾತನ್ನು ನಾವು, ಹೊಲಮನೆ ಉಳ್ಳವರು, ತುಸು ನಿಂತು ಓದಬೇಕು. ನ್ಯಾಯಮಂಡಲಿಯ ತೀರ್ಪಿನಂತೆ ಬರಬೇಕಾದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾಧಿಕಾರಿಗಳಿಗೆ ಪತ್ರ ಕಳಿಸಬಹುದೆಂದು ಕಾಯಿದೆ ಹೇಳುತ್ತದೆ. ದುಡಿಯುವ ಮನುಷ್ಯನೊಬ್ಬನ ಸಾವಿಗೆ ಪರಿಹಾರ ಹಲವು ಲಕ್ಷಗಳಾಗುವುದು ಅಪರೂಪವಲ್ಲ. ಮಗನು ಒಂದು ಸಂಜೆ ತೆಗೆದುಕೊಂಡು ಹೋದ ಕಾರಿನ ಲೆಕ್ಕ ಅಪ್ಪನ ಪಹಣಿಯವರೆಗೆ ಬಂದು ನಿಲ್ಲಬಹುದು. ಇನ್ನು ಹದಿನೆಂಟೂ ತುಂಬದವನ ಕೈಗೆ ಕಾರು ಕೊಟ್ಟರೆ, ೨೦೧೯ರ ತಿದ್ದುಪಡಿಯಂತೆ, ಪೋಷಕನಿಗೆ ಅಥವಾ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆ ಮತ್ತು ೨೫,೦೦೦ ರೂಪಾಯಿ ದಂಡ. ಕಾರಿನ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಜಾತ್ರೆಗೆಂದು ತಮ್ಮನ ಕೈಗೆ ಬೀಗದ ಕೈ ಕೊಡುವ ಅಣ್ಣಂದಿರು ಇದನ್ನು ಗಮನಿಸಬೇಕು.

ಎರಡನೆಯ ಮಾತು ಚಾಲಕನ ಸ್ವಂತ ಜೀವದ್ದು. ಪಾಲಿಸಿಯಲ್ಲಿ ‘ಒಡೆಯ-ಚಾಲಕನ ಅಪಘಾತ ವಿಮೆ, ೧೫ ಲಕ್ಷ’ ಎಂದು ಬರೆದಿರುತ್ತದೆ. ಇದನ್ನು ಕಂಡು ಸ್ಟೀಯರಿಂಗು ಹಿಡಿದವನಿಗೆಲ್ಲ ಹದಿನೈದು ಲಕ್ಷವೆಂದು ತಿಳಿಯುವವರೇ ಹೆಚ್ಚು. ಆದರೆ ಈ ಹಣ, ಯಾರ ಹೆಸರಿನಲ್ಲಿ ಕಾರು ನೋಂದಣಿಯಾಗಿದೆಯೋ ಅವರಿಗೆ ಮಾತ್ರ, ಅದೂ ಅವರಿಗೆ ಲೈಸೆನ್ಸಿದ್ದರೆ. ಕಾರು ತಂದೆಯ ಹೆಸರಿನಲ್ಲಿದ್ದು ಓಡಿಸುವವನು ಮಗನಾದರೆ ಮಗನಿಗೆ ಇದರಿಂದ ಏನೂ ಇಲ್ಲ. ಅವನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆಯನ್ನು ಕೇಳಿ ಬರೆಸಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಹರೆಯದ ಚಾಲಕನಿರುವ ಮನೆಯಲ್ಲಿ ಬೇರೆ ಯಾವ ಅಲಂಕಾರವನ್ನು ಬಿಟ್ಟರೂ ಇದನ್ನು ಬಿಡಬಾರದು.

ಹಿಂದಿನ ಸೀಟಿನ ಗೆಳೆಯರದು ಇನ್ನೊಂದು ಕಥೆ. ಹರೆಯದವನು ಒಬ್ಬನೇ ಕಾರಿನಲ್ಲಿ ಹೋದದ್ದನ್ನು ಯಾರು ಕಂಡಿದ್ದಾರೆ? ಖಾಸಗಿ ಕಾರಿನಲ್ಲಿ ಬಾಡಿಗೆಯಿಲ್ಲದೆ ಕುಳಿತವರು ತೃತೀಯ ಪಕ್ಷದವರಲ್ಲವೆಂದು ಸುಪ್ರೀಂ ಕೋರ್ಟು ಹೇಳಿದೆ. ಬರಿಯ ತೃತೀಯ ಪಕ್ಷದ ಪಾಲಿಸಿ ಅವರಿಗೆ ಒದಗುವುದಿಲ್ಲ. ಪ್ಯಾಕೇಜು ಪಾಲಿಸಿ ಒದಗುತ್ತದೆ. ಹಳೆಯ ಕಾರಿಗೆ ಪ್ಯಾಕೇಜು ಏತಕ್ಕೆಂದು ಕೇಳುವವರಿಗೆ ಇದೇ ಉತ್ತರ. ಕಾರು ಮುದಿಯಾದರೂ ಒಳಗೆ ಕುಳಿತವರು ಮುದುಕರಲ್ಲವಷ್ಟೆ.

ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರು ಹದಿನಾಲ್ಕು ದಿನಗಳೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ತೃತೀಯ ಪಕ್ಷದ ರಕ್ಷಣೆ ಕಾರಿನೊಡನೆ ತಾನಾಗಿ ಬರುತ್ತದೆ. ಸ್ವಂತ ನಷ್ಟದ ರಕ್ಷಣೆ ಹಾಗೆ ಬರುವುದಿಲ್ಲ. ಹೊಸ ಕಾರಿನವರಿಗೆ ಬೇರೊಂದು ತೊಡಕು. ೨೦೧೮ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ತೃತೀಯ ಪಕ್ಷದ ವಿಮೆಯನ್ನು ಮೂರು ವರ್ಷಕ್ಕೆ ಒಟ್ಟಿಗೆ ಮಾಡಿಸಬೇಕು. ಸ್ವಂತ ನಷ್ಟದ ಭಾಗ ಒಂದೇ ವರ್ಷದ್ದಾಗಿರಬಹುದು. ಆದ್ದರಿಂದ ಕಾಗದದ ಮೇಲಿರುವ ಎರಡು ದಿನಾಂಕಗಳನ್ನೂ ನೋಡಬೇಕು.

ಹೊಸದಾಗಿ ಕಲಿತವನು ಗೇಟಿಗೋ ಕಂಬಕ್ಕೋ ಕಾರನ್ನು ತಾಗಿಸುವುದು ಸಹಜ. ಆಗ ಪರಿಹಾರ ಕೇಳಬೇಕೇ ಬೇಡವೇ ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಪ್ಲಾಸ್ಟಿಕ್ ಬಂಪರಿನ ಬೆಲೆ ೪,೦೦೦ ರೂಪಾಯಿ ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿಯೆಂದು ಅರ್ಧ ಕಳೆಯುತ್ತಾರೆ, ಉಳಿದುದು ೨,೦೦೦. ಅದರಲ್ಲಿ, ೧೫೦೦ ಸಿ.ಸಿ. ಮೀರದ ಕಾರಾದರೆ, ಒಡೆಯನು ತಾನೇ ಹೊರಬೇಕಾದ ಮೊದಲ ೧,೦೦೦ ಹೋಯಿತು. ಕೈಗೆ ಬಂದುದು ೧,೦೦೦. ಇತ್ತ, ಪರಿಹಾರ ಕೇಳದೆ ವರ್ಷ ಕಳೆದವರಿಗೆ ಸ್ವಂತ ನಷ್ಟದ ಕಂತಿನಲ್ಲಿ ರಿಯಾಯಿತಿ ಉಂಟು. ಅದು ೨೦, ೨೫, ೩೫, ೪೫ ಎಂದು ಏರುತ್ತ ಐದು ವರ್ಷಕ್ಕೆ ನೂರಕ್ಕೆ ೫೦ ಆಗುತ್ತದೆ. ಒಮ್ಮೆ ಕೇಳಿದರೆ ಸಾಮಾನ್ಯವಾಗಿ ಮರಳಿ ಸೊನ್ನೆಗೆ ಇಳಿಯುತ್ತದೆ. ಆ ಕಂತು ೮,೦೦೦ ಆಗಿದ್ದು ಮುಂದಿನ ವರ್ಷ ನೂರಕ್ಕೆ ೩೫ರಷ್ಟು ರಿಯಾಯಿತಿ ಸಿಗಬೇಕಾಗಿದ್ದರೆ, ಸಾವಿರ ರೂಪಾಯಿಗಾಗಿ ೨,೮೦೦ ಕಳೆದುಕೊಂಡಂತಾಯಿತು. ಇಂಥ ಗೀರುಗಳನ್ನು ಗ್ಯಾರೇಜಿನಲ್ಲಿ ಕೈಯಿಂದಲೇ ಕೊಟ್ಟು ಸರಿಮಾಡಿಸುವುದು ಅಗ್ಗ.