ಬರಗಾಲದಲ್ಲಿ ಮನೆಯ ನೀರಿನ ಮಿತವ್ಯಯ

ಹೈದರಾಬಾದಿನ ಮಾದಾಪುರವು ಗ್ರಾನೈಟ್ ಬಂಡೆಯ ಮೇಲೆ ಬೆಳೆದ ಬಡಾವಣೆ. ಮಗ್ಗುಲಲ್ಲೇ ದುರ್ಗಂ ಚೆರುವು ಎಂಬ ಹಳೆಯ ಕೆರೆಯಿದೆ. ಆದರೂ 2024ರ ಬೇಸಿಗೆಯಲ್ಲಿ ಇಲ್ಲಿನ ಅನೇಕ ಕೊಳವೆಬಾವಿಗಳು ಬತ್ತಿ, ನಿವಾಸಿಗಳು ಟ್ಯಾಂಕರುಗಳಿಗಾಗಿ ಕಾಯಬೇಕಾಯಿತು. ಇಂತಹ ಬಂಡೆಯಲ್ಲಿ ನೀರು ಸಂಗ್ರಹವಾಗುವುದು ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕುಗಳು ವಿರಳವಾಗುತ್ತವೆ. ಆದುದರಿಂದ ಇನ್ನಷ್ಟು ಆಳಕ್ಕೆ ಕೊರೆಸುವುದು ಬಹುಮಟ್ಟಿಗೆ ದುಬಾರಿಯಾದ ಜೂಜೇ ಸರಿ. ನಲ್ಲಿಯ ನೀರಾದರೋ ಕೃಷ್ಣಾ, ಗೋದಾವರಿ ನದಿಗಳಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಬರತಕ್ಕದ್ದು. ಹೀಗಿರುವಾಗ ಉಳಿತಾಯವು ಮನೆಯೊಳಗೇ ಆರಂಭವಾಗಬೇಕು.

ಹಲ್ಲುಜ್ಜುವಾಗ ನಲ್ಲಿಯನ್ನು ತೆರೆದಿಟ್ಟರೆ ನಿಮಿಷಕ್ಕೆ ಐದಾರು ಲೀಟರು ವ್ಯರ್ಥವಾಗುತ್ತದೆ. ತಂಬಿಗೆಯಿದ್ದರೆ ಒಂದು ಲೀಟರು ಸಾಕು. ಷವರಿಗೆ ಬದಲಾಗಿ ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಬಹುದು. ಶೌಚಾಲಯದ ಹಳೆಯ ಫ್ಲಷ್ ತೊಟ್ಟಿಯೊಳಗೆ ನೀರು ತುಂಬಿ ಮುಚ್ಚಿದ 1 ಲೀಟರಿನ ಬಾಟಲಿಯನ್ನು ನಿಲ್ಲಿಸಿದಲ್ಲಿ ಪ್ರತಿ ಸಲವೂ ಅಷ್ಟು ನೀರು ಉಳಿಯುತ್ತದೆ. ಅಕ್ಕಿ ತೊಳೆದ ನೀರು ಗಿಡಗಳಿಗೆ ಹಿತಕರ. ಬಟ್ಟೆ ಒಗೆದ ನೀರನ್ನು ಶೌಚಾಲಯಕ್ಕೆ, ಆರ್.ಓ. ಯಂತ್ರವು ಹೊರಬಿಡುವ ನೀರನ್ನು ನೆಲ ಒರೆಸಲು ಬಳಸಿರಿ. ಅತಿಥಿಗಳಿಗೆ ಲೋಟ ತುಂಬಿಸಿ ಕೊಟ್ಟು, ಉಳಿದುದನ್ನು ಚೆಲ್ಲುವುದು ಮರ್ಯಾದೆಯೇನೂ ಅಲ್ಲ; ತಂಬಿಗೆ, ಲೋಟಗಳನ್ನು ಅವರ ಮುಂದಿರಿಸಿದರೆ ಸಾಕು.

ನೀರಿನ ಅಭಾವವಿದ್ದಾಗ ಕೊಡ, ಡ್ರಮ್ಮುಗಳಲ್ಲಿ ಕೂಡಿಡುವುದು ಸಹಜ. ಅವುಗಳನ್ನು ಭದ್ರವಾಗಿ ಮುಚ್ಚಿ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಬೇಕು. ಇಲ್ಲವಾದಲ್ಲಿ ಡೆಂಗಿ ಹರಡುವ ಸೊಳ್ಳೆಯು ಅಲ್ಲಿಯೇ ಮೊಟ್ಟೆಯಿಡುತ್ತದೆ.

100 ಚದರ ಮೀಟರಿನ ತಾರಸಿಯ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ 1,000 ಲೀಟರು ನೀರಾಗುತ್ತದೆ. ಜೂನ್ ತಿಂಗಳಿಗೆ ಮೊದಲೇ ತಾರಸಿಯನ್ನು ಗುಡಿಸಿ, ಕೊಳವೆಯನ್ನು ತೊಟ್ಟಿಗೋ ಇಂಗುಗುಂಡಿಗೋ ಜೋಡಿಸಿಡಿರಿ.